ಬಿಡಿಸ್ಥಾನ ಮೊದಲು

ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳೇ ಮನೆಗಳ ಅಟ್ಟ ಕೆದಕಿದರೆ ಸಾಲಪತ್ರಗಳು, ಅಡಿಕೆ ಮಾರಿದ ಚೀಟಿಗಳು ಸಿಗುತ್ತವೆ. ಮೊತ್ತವನ್ನು ಎರಡು ಸಲ ಬರೆದಿರುತ್ತಾರೆ, ಒಮ್ಮೆ ಅಂಕಿಯಲ್ಲಿ, ಒಮ್ಮೆ ಅಕ್ಷರದಲ್ಲಿ. ಅಂಕಿಯ ಬಾಲಕ್ಕೆ ಸೊನ್ನೆ ಅಂಟಿಸೋದು ಸುಲಭ, 'ನೂರ'ನ್ನು 'ಸಾವಿರ' ಮಾಡೋದು ಕಷ್ಟ. ನಮ್ಮಜ್ಜನ ಪತ್ರವೊಂದರಲ್ಲಿ 300ರ ಪಕ್ಕ ಯಾರೋ ಇನ್ನೊಂದು ಸೊನ್ನೆ ಸೇರಿಸಿದ್ದರಂತೆ. ತೋಟ ಉಳಿದದ್ದು 'ಮುನ್ನೂರು' ಎಂಬ ಪದದಿಂದ. ಚೆಕ್ಕಿನ ವಿಷಯದಲ್ಲಿ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಹೇಳೋದೂ ಅದನ್ನೇ: ಎರಡೂ ತಾಳೆಯಾಗದಿದ್ದರೆ ಅಕ್ಷರದಲ್ಲಿದ್ದದ್ದೇ ಲೆಕ್ಕ.

ಅಂಕಿಯನ್ನು ಅಕ್ಷರದ ಕೈಗೆ ಒಪ್ಪಿಸುವ ರೂಢಿ ಬಹಳ ಹಳೆಯದು. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಶಕವರ್ಷ 556ನ್ನು ಐವತ್ತು, ಆರು, ಐನೂರು ಅಂತ ಪದ್ಯದಲ್ಲೇ ಕೂಡಿಸಿದ. (ನಮ್ಮ ಬನವಾಸಿಯನ್ನು ಪುಲಕೇಶಿ ಮುತ್ತಿದ ಸುದ್ದಿ ಇರೋದೂ ಅದೇ ಶಾಸನದಲ್ಲಿ.) ಇನ್ನೂ ಮಜವಾದದ್ದು ಭೂತಸಂಖ್ಯೆ. ಚಂದ್ರ ಒಂದು, ವೇದ ನಾಲ್ಕು, ಪರ್ವತ ಏಳು, ನಿಧಿ ಒಂಬತ್ತು, ಆಕಾಶ ಸೊನ್ನೆ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದ ಆರಂಭದಲ್ಲೇ ಇಂಥ ಪದಗಳ ಪಟ್ಟಿ ಕೊಡುತ್ತಾನೆ. 1947 ಬೇಕೇ? 'ಪರ್ವತ-ವೇದ-ನಿಧಿ-ಚಂದ್ರ' ಅನ್ನಿ. ಏಳು, ನಾಲ್ಕು, ಒಂಬತ್ತು, ಒಂದು. ಬಿಡಿಸ್ಥಾನ ಮೊದಲು ಬರುತ್ತದೆ. ಬರೆಯುವಾಗ ಮಾತ್ರ ಬಲದಿಂದ ಎಡಕ್ಕೆ ಹೋಗಬೇಕು.

ಎಂಬೆಡೆಡ್ ಕೋಡ್ ಬರೆಯೋರಿಗೆ ಇಲ್ಲಿ ನಗು ಬರಬೇಕು. ಪ್ರೊಸೆಸರ್‌ಗೆ 1947 ಅಂದರೆ 11110011011, ಅಷ್ಟೇ. ಪರದೆಗೆ ಬೇಕಾದದ್ದು ನಾಲ್ಕು ಅಕ್ಷರ. ಹತ್ತರಿಂದ ಭಾಗಿಸಿದರೆ ಶೇಷ 7. ಅದಕ್ಕೆ 48 ಕೂಡಿಸಿದರೆ 55, ಆಸ್ಕಿಯಲ್ಲಿ ಅದು '7' ಎಂಬ ಅಕ್ಷರ. ಉಳಿದ ಭಾಗಲಬ್ಧವನ್ನು ಮತ್ತೆ ಮತ್ತೆ ಭಾಗಿಸಿ: 4, 9, 1. ಥೇಟ್ ಭೂತಸಂಖ್ಯೆ! 1978ರ ಕರ್ನಿಹನ್-ರಿಚೀ ಪುಸ್ತಕದ 'ಐಟೊಎ' ಫಂಕ್ಷನ್ ಕೊನೆಯಲ್ಲಿ 'ರಿವರ್ಸ್' ಅನ್ನು ಕರೆಯೋದು ಇದಕ್ಕೇ. ಶಾಸನ ಓದುವವರು ಆ ಫಂಕ್ಷನ್ನನ್ನು ತಲೆಯಲ್ಲೇ ಓಡಿಸುತ್ತಿದ್ದರು.

ಕನ್ನಡದ ಅಂಕಿ ಬೇಕಿದ್ದರೆ 48ರ ಬದಲು 3302 ಕೂಡಿಸಿ, ಯೂನಿಕೋಡ್‌ನಲ್ಲಿ '೦' ಇರೋದು ಅಲ್ಲಿ. ಆದರೆ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಅಂಕಿಗೆ ಮೂರು ಬೈಟ್. ನಾಲ್ಕಕ್ಕೆ ಹನ್ನೆರಡು, ಕೊನೆಯ ಸೊನ್ನೆ ಬೈಟ್ ಸೇರಿ ಹದಿಮೂರು. ಇಂಗ್ಲಿಷ್ ಅಂಕಿಯ ಲೆಕ್ಕದಲ್ಲಿ ಐದೇ ಬೈಟ್ ಬಫರ್ ಇಟ್ಟಿದ್ದರೆ ಪಕ್ಕದ ಮೆಮೊರಿಯಲ್ಲಿ ಕೂತಿದ್ದ ತೂಕವೋ ದರವೋ ಕೆಟ್ಟುಹೋಗುತ್ತದೆ, ಅದೂ ಸದ್ದಿಲ್ಲದೆ. ಅಡಿಕೆ ತೂಗುವ ಯಂತ್ರದ ಪರದೆಗೆ ಕನ್ನಡ ತರಲು ಹೊರಟವರು ಇದ್ದರೆ, ಆ ಎಂಟು ಬೈಟ್ ಮೊದಲೇ ತೆಗೆದಿಡಿ.