ತೆಳುವಾದಷ್ಟೂ ಗಟ್ಟಿ - ತಣ್ಣಗೆ ಲಟ್ಟಿಸಿದ ಲೋಹದ ಕಥೆ

ಚಪಾತಿ ಹಿಟ್ಟನ್ನು ಎಷ್ಟು ಲಟ್ಟಿಸಿದರೂ ತೆಳುವಾಗುತ್ತೆಯೇ ಹೊರತು ಗಡಸಾಗೋದಿಲ್ಲ. ಲೋಹದ ಹಣೆಬರಹ ಬೇರೆ. ಕಾಯಿಸದೆ, ತಣ್ಣಗಿರುವಾಗಲೇ ಎರಡು ಉರುಳೆಗಳ ನಡುವೆ ತೂರಿಸಿದರೆ ಅದು ತೆಳುವಾಗುತ್ತೆ, ಉದ್ದವಾಗುತ್ತೆ, ಜೊತೆಗೆ ಗಡಸೂ ಆಗುತ್ತೆ. ನಂಬಿಕೆ ಬರದಿದ್ದರೆ ಒಂದು ತುಂಡು ತಾಮ್ರದ ತಂತಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ನೋಡಿ. ಮೊದಲ ಸಲ ಸಲೀಸಾಗಿ ಬಗ್ಗಿದ್ದು ಆಮೇಲಾಮೇಲೆ ಹಟ ಹಿಡಿಯುತ್ತೆ, ಕೊನೆಗೆ ಪಟ್ ಅಂತ ಮುರಿಯುತ್ತೆ.

ಕಂಚುಗಾರರಿಗೆ ಇದು ಸಾವಿರಾರು ವರ್ಷಗಳಿಂದ ಗೊತ್ತಿರೋ ಸಂಗತಿ. ಬಿಂದಿಗೆ ಬಡಿಯುವವರು ನಡುನಡುವೆ ತಗಡನ್ನು ಬೆಂಕಿಗೆ ಹಿಡಿಯೋದು ಅದನ್ನು ಮತ್ತೆ ಮೆತ್ತಗೆ ಮಾಡಿಕೊಳ್ಳೋಕೆ. ಆದರೆ ಹೀಗೇಕಾಗುತ್ತೆ ಅನ್ನೋ ಪ್ರಶ್ನೆಗೆ ಸರಿಯಾದ ಉತ್ತರದ ಎಳೆ ಸಿಕ್ಕಿದ್ದು 1934ರಲ್ಲಿ! ಅಲ್ಲಿವರೆಗಿನ ಕಥೆಯೇ ಸ್ವಾರಸ್ಯ.

ಉರುಳೆ ಯಂತ್ರದ ಚಿತ್ರವನ್ನು ಹದಿನೈದನೇ ಶತಮಾನದ ಕೊನೆಯ ಹೊತ್ತಿಗೇ ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟಿದ್ದ. ಅದು ಗಂಭೀರವಾಗಿ ಕೆಲಸಕ್ಕೆ ಇಳಿದ ಜಾಗಗಳಲ್ಲಿ ಟಂಕಸಾಲೆಯೂ ಒಂದು. ಸುತ್ತಿಗೆಯಿಂದ ಬಡಿದ ಬೆಳ್ಳಿ ನಾಣ್ಯ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅಂಚನ್ನು ಸ್ವಲ್ಪ ಕತ್ತರಿಸಿಕೊಂಡರೂ ಯಾರಿಗೂ ಗೊತ್ತಾಗೋಲ್ಲ. ತಗಡಿನ ದಪ್ಪ ಒಂದೇ ಸಮ ಇದ್ದರೆ, ಒಂದೇ ಅಳತೆಯ ಬಿಲ್ಲೆಗಳ ತೂಕವೂ ಹೆಚ್ಚುಕಡಿಮೆ ಒಂದೇ! 1551ರಲ್ಲಿ ಫ್ರಾನ್ಸಿನ ದೊರೆ ಎರಡನೇ ಹೆನ್ರಿ ಜರ್ಮನಿಯ ಆಗ್ಸ್‌ಬರ್ಗ್‌ನಿಂದ ಇಂಥ ಯಂತ್ರಗಳನ್ನು ತರಿಸಿ ಪ್ಯಾರಿಸ್ಸಿನಲ್ಲಿ ಹೂಡಿಸಿದ. ತಿರುಗಿಸಲು ಸೀನ್ ನದಿಯ ನೀರು.

ಅಲ್ಲೇ ತೊಡಕು ಶುರು. ಪ್ರತಿ ಸಲ ಲಟ್ಟಿಸಿದಾಗಲೂ ಬೆಳ್ಳಿ ಇನ್ನಷ್ಟು ಗಡಸಾಗುತ್ತೆ. ಹಾಗೇ ಮುಂದುವರಿಸಿದರೆ ತಗಡಿನ ಅಂಚು ಸೀಳುತ್ತೆ, ಅಚ್ಚು ಒತ್ತೋಕೆ ಹೋದರೆ ಅಚ್ಚೇ ಸವೆಯುತ್ತೆ. ಹಾಗಾಗಿ ಲಟ್ಟಿಸು, ಕಾಯಿಸು, ಮತ್ತೆ ಲಟ್ಟಿಸು. ಕಂಚುಗಾರನ ಕುಲುಮೆ ಟಂಕಸಾಲೆಗೂ ಬಂತು ಅನ್ನಿ.

ಪ್ಯಾರಿಸ್ಸಿನಿಂದ ಲಂಡನ್ನಿಗೆ ಬಂದ ಎಲೋಯ್ ಮೆಸ್ಟ್ರೆಲ್ ಎಂಬಾತ 1561ರಿಂದ ರಾಣಿ ಎಲಿಜಬೆತ್‌ಗೆ ಯಂತ್ರದಲ್ಲಿ ಚೆಂದದ ನಾಣ್ಯಗಳನ್ನು ಮಾಡಿಕೊಟ್ಟ. ಸುತ್ತಿಗೆ ಹಿಡಿದ ಹಳಬರಿಗೆ ಅವನನ್ನು ಕಂಡರಾಗುತ್ತಿರಲಿಲ್ಲ. ಕೆಲಸ ಹೋಯಿತು. 1578ರಲ್ಲಿ ಖೋಟಾ ನಾಣ್ಯ ಮಾಡಿದ ಆರೋಪದ ಮೇಲೆ ಅವನನ್ನು ಗಲ್ಲಿಗೇರಿಸಿದರು!! ಇಂಗ್ಲೆಂಡ್ ಸುತ್ತಿಗೆ ಬಿಟ್ಟು ಪೂರ್ತಿಯಾಗಿ ಯಂತ್ರಕ್ಕೆ ಬದಲಾಗಿದ್ದು 1662ರ ಹೊತ್ತಿಗೆ.

ಟಂಕಸಾಲೆಗೆ ತಲೆನೋವಾಗಿದ್ದ ಈ ಗಡಸುತನವೇ ಹತ್ತೊಂಬತ್ತನೇ ಶತಮಾನದ ಹಿತ್ತಾಳೆ ಕಾರ್ಖಾನೆಗಳಿಗೆ ವ್ಯಾಪಾರದ ಸರಕಾಯಿತು. ಗಡಿಯಾರಕ್ಕೆ, ಸ್ಪ್ರಿಂಗಿಗೆ ಮೆತ್ತನೆಯ ತಗಡು ಯಾರಿಗೆ ಬೇಕು? ನನಗೆ ತುಂಬಾ ಹಿಡಿಸಿದ್ದು ಅಮೆರಿಕದ ಲೆಕ್ಕ. ಬ್ರೌನ್ ಅಂಡ್ ಶಾರ್ಪ್ ಕಂಪನಿ 1857ರಲ್ಲಿ ತಂದ ಗೇಜಿನಲ್ಲಿ ಒಂದು ಅಂಕೆ ಮುಂದಕ್ಕೆ ಹೋದರೆ ದಪ್ಪ ಸುಮಾರು 11% ಕಡಿಮೆ. ಕಾಯಿಸಿ ಮೆತ್ತಗಾಗಿಸಿದ ತಗಡನ್ನು ಒಂದು ಅಂಕೆಯಷ್ಟು ಲಟ್ಟಿಸಿದರೆ ಕಾಲು ಗಡಸು, ಎರಡಾದರೆ ಅರೆ ಗಡಸು, ನಾಲ್ಕಾದರೆ ಪೂರ್ತಿ ಗಡಸು. ಅಂದರೆ 1 ಮಿಲಿಮೀಟರಿನದು 0.63ಕ್ಕೆ ಇಳಿದಾಗ ಪೂರ್ತಿ ಗಡಸು. ಗುಂಡನ್ನು ಒತ್ತಿ, ಬಿದ್ದ ಕುಳಿಯನ್ನು ಅಳೆಯುವ ಬ್ರಿನೆಲ್ ಪರೀಕ್ಷೆ ಲೋಕಕ್ಕೆ ಪರಿಚಯವಾಗಿದ್ದು 1900ರಲ್ಲಿ. ಈ ಲೆಕ್ಕಕ್ಕೆ ಅದೂ ಬೇಡ, ಎಷ್ಟು ತೆಳುವಾಯಿತು ಅಂತ ನೋಡಿದರೆ ಸಾಕು. ದಪ್ಪವನ್ನು ಅರ್ಧಕ್ಕೆ ಇಳಿಸಿದರಂತೂ ಹಿತ್ತಾಳೆಯ ಗಡಸುತನ ಎರಡು ಪಟ್ಟು ದಾಟುತ್ತೆ.

ಆದರೆ ಈ ಗಡಸುತನ ಪುಕ್ಕಟೆ ಬಂದದ್ದಲ್ಲ. ಅದು ಗೊತ್ತಾಗಿದ್ದು ನಮ್ಮ ದೇಶದ ಮಳೆಗಾಲದಲ್ಲಿ.

1857ರ ಕೊಬ್ಬು ಸವರಿದ ಕಾಗದದ ಕಾಡತೂಸಿನ ಕಥೆ ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಇದು ಆಮೇಲೆ ಬಂದ ಹಿತ್ತಾಳೆ ಕಾಡತೂಸಿನದು. 70 ಪಾಲು ತಾಮ್ರ, 30 ಪಾಲು ಸತುವಿನ ತಗಡು ಲಟ್ಟಿಸಿ, ಬಿಲ್ಲೆ ಕತ್ತರಿಸಿ, ಅದನ್ನು ಬಟ್ಟಲಾಗಿ ಒತ್ತಿ, ನಡುನಡುವೆ ಕಾಯಿಸುತ್ತಾ ಕೊಳವೆಯಾಗಿ ಎಳೆಯುತ್ತಾರೆ. ಈ ಎಳೆಯುವುದೂ ತಣ್ಣಗಿರುವಾಗಲೇ, ಪರಿಣಾಮ ಲಟ್ಟಿಸಿದಂತೆಯೇ. ಗುಂಡು ಹಾರಿದಾಗ ಉಬ್ಬಿದ ಕೊಳವೆ ಮತ್ತೆ ಕುಗ್ಗಿ ಬಂದೂಕಿನಿಂದ ಸಲೀಸಾಗಿ ಹೊರಬರಬೇಕಲ್ಲ, ಅದಕ್ಕೆ ಗಡಸುತನ ಬೇಕೇ ಬೇಕು.

ಬ್ರಿಟಿಷ್ ಸೇನೆಯವರು ಮಳೆಗಾಲ ಮುಗಿಯುವವರೆಗೆ ಇವನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಹೊರಗೆ ತೆಗೆದರೆ ಎಷ್ಟೋ ಕಾಡತೂಸುಗಳ ಕತ್ತು ಸೀಳಿರುತ್ತಿತ್ತು. ಯಾರೂ ಮುಟ್ಟಿಲ್ಲ, ಬೀಳಿಸಿಲ್ಲ, ಇಟ್ಟಲ್ಲೇ ಬಿರುಕು! ಋತುವಿನ ತಪ್ಪು ಅಂತ ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತಲೇ ಹೆಸರು ಬಿತ್ತು.

ಗುಟ್ಟು ಬಿಡಿಸಿದ್ದು 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್. ಅಪರಾಧಿಗಳು ಇಬ್ಬರು. ಒಂದು, ಕುದುರೆ ಗಂಜಲದಿಂದ ಏಳುವ ಅಮೋನಿಯಾ. ಇನ್ನೊಂದು ಹಿತ್ತಾಳೆಯ ಒಳಗೇ ಕೂತಿತ್ತು. ಲೋಹವನ್ನು ತಣ್ಣಗೆ ಹಿಗ್ಗಿಸುವಾಗ ಎಲ್ಲ ಭಾಗವೂ ಒಂದೇ ಸಮ ಹಿಗ್ಗೋದಿಲ್ಲ. ಒಂದು ಪದರ ಇನ್ನೊಂದನ್ನು ಎಳೆದುಕೊಂಡೇ ಉಳಿಯುತ್ತೆ. ಈ ಬಿಗುವಿನ ಮೇಲೆ ಅಮೋನಿಯಾ ತಾಗಿದರೆ ಬಿರುಕಿಗೆ ದಾರಿಯಾಯಿತು. ಪರಿಹಾರ ಸುಲಭದ್ದು. ಸುಮಾರು 250 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಕಾಯಿಸಿದರೆ ಒಳಗಿನ ಬಿಗುವು ಇಳಿಯುತ್ತೆ, ಗಡಸುತನ ಹೆಚ್ಚುಕಡಿಮೆ ಹಾಗೇ ಉಳಿಯುತ್ತೆ. ಬಿಗುವೂ ಗಡಸುತನವೂ ಒಂದೇ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕೆ?

ಹಾಗಾದರೆ ಗಡಸುತನ ಎಂದರೇನು? 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಮೂವರೂ ಬೇರೆಬೇರೆಯಾಗಿ ಒಂದೇ ಉತ್ತರ ಕೊಟ್ಟರು. ಲೋಹದಲ್ಲಿ ಪರಮಾಣುಗಳು ಸಾಲುಸಾಲಾಗಿ ಕೂತಿರುತ್ತವೆ, ಆದರೆ ಅಲ್ಲಲ್ಲಿ ಸಾಲು ತಪ್ಪಿರುತ್ತೆ. ಜಮಖಾನದ ಒಂದು ಸುಕ್ಕನ್ನು ಈ ತುದಿಯಿಂದ ಆ ತುದಿಗೆ ತಳ್ಳಿದ ಹಾಗೆ ಈ ತಪ್ಪುಗಳು ಜರುಗಿದಾಗ ಲೋಹ ಬಗ್ಗುತ್ತೆ. ಲಟ್ಟಿಸಿದಷ್ಟೂ ಹೊಸ ಸುಕ್ಕುಗಳು ಹುಟ್ಟುತ್ತವೆ. ಮೆತ್ತನೆಯ ಲೋಹದ ಒಂದು ಚದರ ಸೆಂಟಿಮೀಟರಿನಲ್ಲಿ ಹತ್ತು ಲಕ್ಷದಿಂದ ಹತ್ತು ಕೋಟಿಯಷ್ಟು ಇದ್ದವು, ಚೆನ್ನಾಗಿ ಲಟ್ಟಿಸಿದ ಮೇಲೆ ಲಕ್ಷ ಕೋಟಿ ಮುಟ್ಟುತ್ತವೆ. ಒಂದಕ್ಕೊಂದು ಅಡ್ಡ ನಿಂತು ಯಾವುದೂ ಮುಂದೆ ಹೋಗಲಾರದು. ಸಂಜೆ ಆರರ ಸಿಲ್ಕ್ ಬೋರ್ಡ್ ಜಂಕ್ಷನ್ ನೆನಪಿಸಿಕೊಳ್ಳಿ, ಅರ್ಥವಾಗುತ್ತೆ :)

ಚೆನ್ನಾಗಿ ಕೆಂಪಗೆ ಕಾಯಿಸಿದರೆ ಈ ಗೋಜಲಿನ ನಡುವೆ ಹೊಸ, ಚೊಕ್ಕ ಹರಳುಗಳು ಹುಟ್ಟಿ ಹಳೆಯದನ್ನು ನುಂಗುತ್ತಾ ಬೆಳೆಯುತ್ತವೆ. ಲೋಹ ಮತ್ತೆ ಮೆತ್ತಗಾಗುತ್ತೆ, ಕಂಚುಗಾರ ಮತ್ತೆ ಸುತ್ತಿಗೆ ಎತ್ತಿಕೊಳ್ಳುತ್ತಾನೆ. ಇಂಗ್ಲಿಷಿನವರು ಇದಕ್ಕೆ ಅನೀಲಿಂಗ್ ಅಂತಾರೆ. ನಿಮ್ಮೂರ ಕಡೆ ಪಾತ್ರೆ ಬಡಿಯುವವರು ಏನಂತಾರೆ? ಗೊತ್ತಿದ್ದರೆ ದಯವಿಟ್ಟು ಬರೆಯಿರಿ.