ಮೂರು ಪೂರಿಮ್, ಒಂದು ನೋಟ್‌ಬುಕ್

ಯಹೂದಿಗಳಲ್ಲಿ ಪೂರಿಮ್ ಅಂತ ಒಂದು ಹಬ್ಬ. ಬಹಳ ಸಲ ನಮ್ಮ ಕಾಮನ ಹುಣ್ಣಿಮೆಯ ಆಸುಪಾಸಿನಲ್ಲೇ ಬರುತ್ತದೆ, ಗಲಾಟೆಯಲ್ಲೂ ಅದಕ್ಕಿಂತ ಕಡಿಮೆಯೇನಿಲ್ಲ. ಮಕ್ಕಳು ವೇಷ ಹಾಕಿಕೊಂಡು ಬೀದಿಗಿಳಿಯುತ್ತಾರೆ. ಪ್ರಾರ್ಥನಾ ಮಂದಿರದಲ್ಲಿ ಎಸ್ತೇರಳ ಕಥೆ ಓದುವಾಗ ದುಷ್ಟ ಮಂತ್ರಿ ಹಾಮಾನನ ಹೆಸರು ಬಂದಾಗಲೆಲ್ಲ ಗಿರಗಟ್ಟಲೆ ತಿರುಗಿಸಿ, ಕಾಲು ಬಡಿದು ಆ ಹೆಸರು ಕೇಳಿಸದ ಹಾಗೆ ಮಾಡುತ್ತಾರೆ. ಆಮೇಲೆ ಗಸಗಸೆ ಹೂರಣ ತುಂಬಿದ ಮೂರು ಮೂಲೆಯ ತಿಂಡಿ. ಅದರ ಹೆಸರು 'ಹಾಮಾನನ ಕಿವಿ'!

ಕಥೆ ನಡೆಯುವುದು ಪರ್ಷಿಯಾದಲ್ಲಿ. ಅಲ್ಲಿನ ರಾಜ 'ಹೋದು'ವಿನಿಂದ ಇಥಿಯೋಪಿಯಾದವರೆಗೆ ಆಳುತ್ತಿದ್ದನಂತೆ. ಹೋದು ಅಂದರೆ ಹೀಬ್ರೂನಲ್ಲಿ ಭಾರತ, ಹಾಗಾಗಿ ನಮ್ಮ ಹೆಸರೂ ಅದರಲ್ಲಿ ಸೇರಿಕೊಂಡಿದೆ. ಯಹೂದಿಗಳನ್ನೆಲ್ಲ ಒಂದೇ ದಿನ ಮುಗಿಸಬೇಕು ಅಂತ ಹಾಮಾನ ಹೂಡಿದ ಸಂಚು ಅವನಿಗೇ ತಿರುಗಿ ಬೀಳುತ್ತದೆ. ಮಕ್ಕಳಿಗೆ ಹೇಳುವ ಕಥೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಮೂಲದಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಅದರ ಮಾತು ಆಮೇಲೆ.

ನಾನು ಹೇಳಹೊರಟದ್ದು ಈ ಹಬ್ಬದ ಆಸುಪಾಸಿನಲ್ಲೇ ಹುಟ್ಟುಹಬ್ಬ ಬರುತ್ತಿದ್ದ ಒಬ್ಬ ಹುಡುಗಿಯ ಬಗ್ಗೆ. ಹೆಸರು ಬತ್-ಖೆನ್ ಶಹಾಕ್. ಬತ್-ಖೆನ್ ಅಂದರೆ 'ಸೊಬಗಿನ ಮಗಳು' ಅನ್ನಬಹುದು. ಹುಟ್ಟಿದ್ದು 1981ರ ಮಾರ್ಚ್ 4. ಊರು ಟೆಲ್ ಅವೀವಿನ ಉತ್ತರಕ್ಕಿರುವ ತೆಲ್ ಮೋಂಡ್. ಹತ್ತು ವರ್ಷದ ಸುಮಾರಿಗೆ ಡೈರಿ ಬರೆಯಲು ಶುರುಮಾಡಿದಳು. ಗೆಳತಿಯರು, ಶಾಲೆ, ಪ್ರೀತಿ, ಮುನಿಸು, ನಡುನಡುವೆ ಪದ್ಯಗಳು. ಅವುಗಳ ಪಕ್ಕದಲ್ಲೇ ದೇಶದ ಸುದ್ದಿ. ಮನೆಯವರಿಗೆ ತೋರಿಸಲು ಬರೆದದ್ದಲ್ಲ ಅದು. ಅವಳು ಹೋದ ಮೇಲೆ ಸಿಕ್ಕ ನೋಟ್‌ಬುಕ್ಕುಗಳನ್ನು ಅಪ್ಪ ಅಮ್ಮ ಪುಸ್ತಕ ಮಾಡಿಸಿದರು. ಅರಬ್ಬಿ, ಜಪಾನಿಯೂ ಸೇರಿ ಹಲವು ಭಾಷೆಗಳಿಗೆ ಹೋಯಿತು, 2008ರಲ್ಲಿ ಇಂಗ್ಲಿಷಿಗೂ ಬಂತು.

ಇಂಥ ಪುಸ್ತಕ ಬಂದ ಕೂಡಲೇ 'ಇಸ್ರೇಲಿನ ಆನ್ ಫ್ರಾಂಕ್' ಅಂತ ಒಂದು ಹಣೆಪಟ್ಟಿ ಹಚ್ಚುವುದು ಸುಲಭ. ನನಗೆ ಅದು ಸರಿ ಕಾಣುವುದಿಲ್ಲ. ಆನ್ ಬರೆದದ್ದು ಅಡಗಿಕೊಂಡು, ಹೊರಗಿನ ಬೀದಿಗೆ ಕಾಲಿಡಲಾಗದೆ. ಬತ್-ಖೆನ್ ಬಸ್ಸು ಹತ್ತಿ ಪೇಟೆಗೆ ಹೋಗುತ್ತಿದ್ದ ಹುಡುಗಿ. ಅವಳ ದೇಶಕ್ಕೆ ಸೈನ್ಯವಿತ್ತು, ಗೆದ್ದುಕೊಂಡ ನೆಲವಿತ್ತು, ಆ ನೆಲದಲ್ಲಿ ಇನ್ನೊಂದು ಜನ ಇದ್ದರು. ಇದನ್ನು ಬಿಟ್ಟು ಓದಿದರೆ ಅವಳೂ ಅರ್ಥವಾಗುವುದಿಲ್ಲ, ಆ ಕಾಲವೂ ಅರ್ಥವಾಗುವುದಿಲ್ಲ.

ಅವಳ ಹತ್ತನೇ ಹುಟ್ಟುಹಬ್ಬದಿಂದ ಶುರುಮಾಡೋಣ. 1991ರ ಜನವರಿ 18ರ ನಸುಕಿನಲ್ಲಿ ಸದ್ದಾಮನ ಮೊದಲ ಸ್ಕಡ್ ಕ್ಷಿಪಣಿಗಳು ಇಸ್ರೇಲಿಗೆ ಬಿದ್ದವು. ಯುದ್ಧ ಮುಗಿಯುವಷ್ಟರಲ್ಲಿ ಬಿದ್ದವು ಸುಮಾರು 40. ಕೊಲ್ಲಿ ಯುದ್ಧ ಅಂದರೆ ನಮಗೆ ನೆನಪಾಗುವುದು ಕುವೈತ್‌ನಿಂದ ಉಟ್ಟ ಬಟ್ಟೆಯಲ್ಲಿ ಬಂದಿಳಿದ ನಮ್ಮ ಕರಾವಳಿಯ ಜನ. 1990ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತಂದಿದ್ದರಲ್ಲ, ಅದೇ. ಇಸ್ರೇಲಿನ ಮಕ್ಕಳಿಗೆ ನೆನಪಾಗುವುದು ಒಂದು ಕೋಣೆ. ಸ್ಕಡ್‌ನಲ್ಲಿ ವಿಷಾನಿಲ ಇರಬಹುದು ಅನ್ನುವ ಭಯಕ್ಕೆ ಪ್ರತಿ ಮನೆಯಲ್ಲೂ ಒಂದು ಕೋಣೆಯ ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಬಾಗಿಲ ಸಂದಿಗೆ ಸೋಡಾ ನೀರಲ್ಲಿ ನೆನೆಸಿದ ಟವೆಲ್ ತುರುಕಿದ್ದರು. ಸೈರನ್ ಕೂಗಿದರೆ ಎಲ್ಲರೂ ಒಳಗೆ, ಮುಖಕ್ಕೆ ಗ್ಯಾಸ್ ಮಾಸ್ಕ್. ರೇಡಿಯೋದಲ್ಲಿ ಸೈನ್ಯದ ವಕ್ತಾರ ನಖ್ಮನ್ ಶೈ ಸಮಾಧಾನದ ದನಿಯಲ್ಲಿ ಒಂದಿಷ್ಟು ನೀರು ಕುಡಿಯಿರಿ ಅನ್ನುತ್ತಿದ್ದ. ಕೆಲವು ವಾರ ಮುಚ್ಚಿದ್ದ ಶಾಲೆಗಳು ತೆರೆದಾಗ ಮಕ್ಕಳ ಹೆಗಲಲ್ಲಿ ಚೀಲದ ಜೊತೆ ಮಾಸ್ಕಿನ ರಟ್ಟಿನ ಡಬ್ಬಿ. ಮಕ್ಕಳಲ್ಲವೇ.. ಆ ಡಬ್ಬಿಗೂ ಬಣ್ಣದ ಕಾಗದ ಹಚ್ಚಿ, ಸ್ಟಿಕ್ಕರ್ ಅಂಟಿಸಿ ಸಿಂಗರಿಸಿದರು.

ಯುದ್ಧ ನಿಂತದ್ದು ಫೆಬ್ರವರಿ 28ರಂದು. ಅದು ಪೂರಿಮ್ ದಿನ! ಬೀದಿಯಲ್ಲಿ ವೇಷ ಹಾಕಿದ ಮಕ್ಕಳು, ಸದ್ದಾಮನೇ ಹೊಸ ಹಾಮಾನ ಅಂತ ದೊಡ್ಡವರ ನಗು. ಬತ್-ಖೆನ್‌ಗೆ ಹತ್ತು ತುಂಬಲು ಇನ್ನು ನಾಲ್ಕು ದಿನ ಬಾಕಿ.

ಅದೇ ತಿಂಗಳುಗಳಲ್ಲಿ ಪಶ್ಚಿಮ ದಂಡೆ ಮತ್ತು ಗಾಜಾದಲ್ಲಿ ಹಗಲು ರಾತ್ರಿ ಕರ್ಫ್ಯೂ. ಅಲ್ಲಿನ ಪ್ಯಾಲೆಸ್ಟೈನಿಯರಿಗೂ ಮಾಸ್ಕ್ ಕೊಡಬೇಕು ಅಂತ ಇಸ್ರೇಲಿನ ಸುಪ್ರೀಂ ಕೋರ್ಟೇ ಜನವರಿಯಲ್ಲಿ ತೀರ್ಪು ಕೊಟ್ಟಿತು. ಆದರೆ ಕೊಡುವಷ್ಟು ಮಾಸ್ಕುಗಳೇ ಇರಲಿಲ್ಲ. ಅಲ್ಲಿಯ ಹತ್ತು ವರ್ಷದ ಹುಡುಗಿಯೊಬ್ಬಳು ಆ ವಾರಗಳನ್ನು ಹೇಗೆ ಕಳೆದಳು? ನಾನು ನೋಡಿದ ಪುಸ್ತಕಗಳಲ್ಲಿ ಅವಳ ನೋಟ್‌ಬುಕ್ ಇಲ್ಲ.

ಇನ್ನು ಎರಡನೆಯದು, 1994. ಹಿಂದಿನ ವರ್ಷ ಸೆಪ್ಟೆಂಬರ್ 13ಕ್ಕೆ ವಾಷಿಂಗ್ಟನ್ನಿನಲ್ಲಿ ರಬಿನ್ ಮತ್ತು ಅರಾಫತ್ ಕೈ ಕುಲುಕಿದ್ದರು. ರಬಿನ್ ಸಂತನೇನಲ್ಲ. ಮೊದಲ ಇಂತಿಫಾದಾ ಶುರುವಾದಾಗ ರಕ್ಷಣಾ ಮಂತ್ರಿಯಾಗಿ, ಕಲ್ಲೆಸೆಯುವ ಹುಡುಗರನ್ನು ಹೊಡೆದು ಹತ್ತಿಕ್ಕುವ ನೀತಿ ತಂದವನೇ ಅವನು. ಅಂಥವನೇ ಕೈ ಚಾಚಿದ್ದು ನೋಡಿ ಜನ ನಂಬಿದರು, ಕೆಲವರು ಅದಕ್ಕೇ ರೊಚ್ಚಿಗೆದ್ದರು. ಆ ರೊಚ್ಚಿನವರಲ್ಲಿ ಬರೂಖ್ ಗೋಲ್ಡ್‌ಸ್ಟೈನ್ ಒಬ್ಬ. ಅಮೆರಿಕದಿಂದ ಬಂದು ಹೆಬ್ರಾನ್ ಪಕ್ಕದ ಕಿರ್ಯತ್ ಅರ್ಬಾ ವಸಾಹತಿನಲ್ಲಿ ನೆಲೆಸಿದ್ದ ಡಾಕ್ಟರು. 1994ರ ಫೆಬ್ರವರಿ 25, ಶುಕ್ರವಾರ, ರಂಜಾನ್ ತಿಂಗಳು. ಸೈನ್ಯದ ಸಮವಸ್ತ್ರ ಹಾಕಿಕೊಂಡು ಇಬ್ರಾಹಿಮಿ ಮಸೀದಿಗೆ ಹೋಗಿ, ಬೆಳಗಿನ ನಮಾಜಿನಲ್ಲಿ ತಲೆ ಬಾಗಿದ್ದವರ ಮೇಲೆ ಗುಂಡು ಹಾರಿಸಿದ. 29 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಬದುಕುಳಿದವರು ಅವನನ್ನು ಅಲ್ಲೇ ಬಡಿದು ಕೊಂದರು.

ಆ ದಿನವೂ ಪೂರಿಮ್.

ಈಗ ಎಸ್ತೇರಳ ಕಥೆಯಲ್ಲಿ ಉಳಿದದ್ದು. ಹಾಮಾನ ಸತ್ತ ಮೇಲೆ ಯಹೂದಿಗಳು ತಮ್ಮ ಶತ್ರುಗಳಲ್ಲಿ 75 ಸಾವಿರ ಜನರನ್ನು ಕೊಂದರು ಅಂತ ಒಂಬತ್ತನೇ ಅಧ್ಯಾಯದಲ್ಲಿದೆ. ಇದು ನಡೆದ ಚರಿತ್ರೆ ಅಲ್ಲ, ಕಥೆ ಅಂತಲೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನೂರಾರು ವರ್ಷ ರಾಜ್ಯವಿಲ್ಲದೆ, ಆಯುಧವಿಲ್ಲದೆ ಅಲೆದ ಜನಕ್ಕೆ ಅದೊಂದು ಸೇಡಿನ ಕನಸು, ಗಿರಗಟ್ಟಲೆ ತಿರುಗಿಸುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಕೈಗೆ ಸೈನ್ಯದ ರೈಫಲ್ ಬಂದ ಮೇಲೂ ಅದೇ ಅಧ್ಯಾಯವನ್ನು ಆಜ್ಞೆ ಅಂತ ಓದುವವನು ಒಬ್ಬನಿದ್ದರೂ ಸಾಕಲ್ಲ.. ನಮ್ಮಲ್ಲೂ ಪುರಾಣಗಳಿಗೆ ಇಂಥ ಓದುಗರಿದ್ದಾರೆ, ಬಿಡಿ.

ರಬಿನ್ ಪಾರ್ಲಿಮೆಂಟಿನಲ್ಲಿ ಗೋಲ್ಡ್‌ಸ್ಟೈನನನ್ನು ಕಟುವಾಗಿ ಖಂಡಿಸಿದ, ಅವನ ಸಂಘಟನೆಯನ್ನು ನಿಷೇಧಿಸಿದ. ಆದರೆ ಹೆಬ್ರಾನ್ ಊರೊಳಗಿನ ಬೆರಳೆಣಿಕೆಯ ವಸಾಹತಿಗರನ್ನು ಅಲ್ಲಿಂದ ಎಬ್ಬಿಸುವ ಧೈರ್ಯ ಮಾಡಲಿಲ್ಲ. ಕೊನೆಗೆ ಕರ್ಫ್ಯೂ ಬಿದ್ದದ್ದು ಸತ್ತವರ ಊರಿನ ಮೇಲೆ! ಆ ವರ್ಷಗಳಲ್ಲಿ ಕೈಗೆ ಸಿಕ್ಕಿ ಜಾರಿಹೋದ ಅವಕಾಶಗಳಲ್ಲಿ ಇದೇ ದೊಡ್ಡದು ಅನ್ನುವುದು ನನ್ನ ಲೆಕ್ಕ. ಹತ್ಯಾಕಾಂಡದ ನಲವತ್ತನೇ ದಿನ ಕಳೆದ ಮೇಲೆ, ಏಪ್ರಿಲ್ 6ರಂದು, ಹಮಾಸ್‌ನವನೊಬ್ಬ ಅಫೂಲಾ ಊರಿನಲ್ಲಿ ಬಸ್ಸಿನ ಪಕ್ಕ ಬಾಂಬ್ ತುಂಬಿದ ಕಾರು ಸ್ಫೋಟಿಸಿದ. ಅಕ್ಟೋಬರ್ 19ಕ್ಕೆ ಟೆಲ್ ಅವೀವಿನ ಡಿಜೆಂಗಾಫ್ ಬೀದಿಯಲ್ಲಿ 5ನೇ ನಂಬರಿನ ಬಸ್ಸು, 22 ಸಾವು. ಅದಾಗಿ ಒಂದೇ ವಾರಕ್ಕೆ ಜೋರ್ಡಾನ್ ಜೊತೆ ಶಾಂತಿ ಒಪ್ಪಂದ. ಶೋಕ, ಸಂಭ್ರಮ ಎರಡೂ ಒಂದೇ ವಾರದ ಪೇಪರಿನಲ್ಲಿ.

ಹದಿಮೂರು ವರ್ಷದವಳು ಇಂಥ ಪೇಪರನ್ನು ಹೇಗೆ ಓದುತ್ತಾಳೆ? ನಮ್ಮ ಮನೆಗಳಲ್ಲಿ ಆ ವಯಸ್ಸಿನವರು ಕೊನೇ ಪುಟದ ಕ್ರಿಕೆಟ್ ನೋಡಿ ಮಡಚಿಟ್ಟುಬಿಡಬಹುದು, ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ಹಾಗಾಗುವುದಿಲ್ಲ. ಗಂಟೆಗೊಮ್ಮೆ ರೇಡಿಯೋದಲ್ಲಿ ಸುದ್ದಿಯ 'ಪೀಪ್' ಬಂದರೆ ಬಸ್ ಡ್ರೈವರ್ ದನಿ ಜಾಸ್ತಿ ಮಾಡುತ್ತಿದ್ದ ಕಾಲ ಅದು. ಅದಕ್ಕಿಂತ ದೊಡ್ಡ ಕಾರಣ, ಹದಿನೆಂಟಕ್ಕೆ ಸೈನ್ಯ. ಹುಡುಗರಿಗೆ ಆಗ ಮೂರು ವರ್ಷ, ಹುಡುಗಿಯರಿಗೆ ಅದಕ್ಕಿಂತ ಕಡಿಮೆ. ಒಪ್ಪಂದ ಆಯಿತೋ ಮುರಿಯಿತೋ ಅನ್ನುವುದು ಅವರಿಗೆ ಪರರಾಷ್ಟ್ರ ವ್ಯವಹಾರ ಅಲ್ಲ, ಇನ್ನು ಕೆಲವೇ ವರ್ಷಗಳಲ್ಲಿ ತಾನು ಎಲ್ಲಿರುತ್ತೇನೆ ಅನ್ನುವುದರ ಟೈಮ್‌ಟೇಬಲ್ಲು.

ಇದು ಬತ್-ಖೆನ್ ಕಾಲದಲ್ಲಿ ಶುರುವಾದದ್ದೂ ಅಲ್ಲ. 1970ರ ಏಪ್ರಿಲ್‌ನಲ್ಲಿ ಜೆರೂಸಲೇಮಿನ ಐವತ್ತಕ್ಕೂ ಹೆಚ್ಚು ಹನ್ನೆರಡನೇ ಕ್ಲಾಸಿನ ವಿದ್ಯಾರ್ಥಿಗಳು ಪ್ರಧಾನಿ ಗೋಲ್ಡಾ ಮೇಯರ್‌ಗೆ ಒಂದು ಪತ್ರ ಬರೆದರು. ಈಜಿಪ್ಟಿನ ಜೊತೆ ಮಾತುಕತೆಗಿದ್ದ ಒಂದು ದಾರಿಯನ್ನು ಸರಕಾರ ಮುಚ್ಚಿಬಿಟ್ಟಿತ್ತು, ಸೂಯೆಜ್ ಕಾಲುವೆಯ ದಂಡೆಯಲ್ಲಿ ಸೈನಿಕರು ಸಾಯುತ್ತಲೇ ಇದ್ದರು. ಹೀಗಾದರೆ ಯಾವ ನಂಬಿಕೆಯಿಂದ ಹೋರಾಡುವುದು ಅನ್ನುವುದು ಆ ಹುಡುಗರ ಪ್ರಶ್ನೆ. ಸಹಿ ಹಾಕಿದವರಲ್ಲಿ ಒಬ್ಬ ಮಂತ್ರಿಯ ಮಗನೂ ಇದ್ದ. ದೊಡ್ಡವರು ಕೆಂಡವಾದರು. ಆದರೆ ಪತ್ರ ಮರೆತುಹೋಗಲಿಲ್ಲ, ಮುಂದಿನ ದಶಕಗಳಲ್ಲಿ ಬೇರೆ ಬೇರೆ ಹನ್ನೆರಡನೇ ಕ್ಲಾಸಿನವರು ಅಂಥದ್ದೇ ಪತ್ರಗಳನ್ನು ಬರೆದರು.

1995ರ ನವೆಂಬರ್ 4, ಶನಿವಾರ ರಾತ್ರಿ. ಟೆಲ್ ಅವೀವಿನ ಚೌಕದಲ್ಲಿ ಶಾಂತಿಗಾಗಿ ದೊಡ್ಡ ಸಭೆ. ಮುಗಿಸಿ ಕಾರಿನ ಕಡೆ ಹೊರಟ ರಬಿನ್ ಬೆನ್ನಿಗೆ ಯಿಗಾಲ್ ಅಮೀರ್ ಅನ್ನುವ ಯಹೂದಿ ಕಾನೂನು ವಿದ್ಯಾರ್ಥಿ ಗುಂಡು ಹೊಡೆದ. ವೇದಿಕೆಯ ಮೇಲೆ ಹಾಡಿದ ಶಾಂತಿಗೀತೆಯ ಹಾಳೆ ರಬಿನ್ ಜೇಬಿನಲ್ಲಿ ರಕ್ತದಲ್ಲಿ ತೊಯ್ದಿತ್ತು. ಆಮೇಲಿನ ದಿನಗಳಲ್ಲಿ ಆ ಚೌಕಕ್ಕೆ ಬಂದು ಕೂತವರು ಹೆಚ್ಚಾಗಿ ಹದಿಹರೆಯದವರು. ಗುಂಪು ಗುಂಪಾಗಿ ನೆಲದ ಮೇಲೆ ಕೂತು, ಮೇಣದ ಬತ್ತಿ ಹಚ್ಚಿ, ಗಿಟಾರ್ ಹಿಡಿದು ಮೆಲ್ಲಗೆ ಹಾಡಿಕೊಂಡು ಅಳುತ್ತಿದ್ದರು. ಪತ್ರಿಕೆಗಳು ಅವರಿಗೆ 'ಮೇಣದಬತ್ತಿಯ ಯುವಜನ' ಅಂತ ಹೆಸರಿಟ್ಟವು. ಕ್ಲಿಂಟನ್, ಹುಸೇನ್ ದೊರೆ, ಮುಬಾರಕ್ ಎಲ್ಲ ಬಂದಿದ್ದ ಅಂತ್ಯಕ್ರಿಯೆಯಲ್ಲಿ ಜಗತ್ತನ್ನು ಹೆಚ್ಚು ಅಲುಗಾಡಿಸಿದ್ದು ರಬಿನ್‌ನ ಹದಿಹರೆಯದ ಮೊಮ್ಮಗಳು ನೋವಾ. ದೇಶದ ಮಾತು ನನ್ನದಲ್ಲ ಅನ್ನುವಂತೆ ಅವಳು ಅಜ್ಜನ ಬಗ್ಗೆ ಮಾತ್ರ ಮಾತಾಡಿದಳು.

ಬತ್-ಖೆನ್ ಕೂಡ ಆಗ ರಬಿನ್‌ಗೆ ವಿದಾಯ ಬರೆದಳು. ಆಗ ಅವಳಿಗೆ ಹದಿನಾಲ್ಕು. ಶಾಂತಿಯ ಕನಸಿನ ಬಗ್ಗೆ ಅವಳ ಒಂದು ಪದ್ಯವೂ ಇದೆ, ಅದೇ ಹೆಚ್ಚು ಪ್ರಸಿದ್ಧವಾಯಿತು. ಆ ವಯಸ್ಸಿನವರು ಬರೆಯುವಂಥ ಸರಳ ಪದ್ಯ. ಅವಳನ್ನು ಬರೀ ಆ ಪದ್ಯದಿಂದ ಅಳೆಯುವವರು ಡೈರಿಯ ಮಿಕ್ಕ ಪುಟಗಳಿಗೆ ಅನ್ಯಾಯ ಮಾಡುತ್ತಾರೆ. ಪ್ರಧಾನಿಯ ಕೊಲೆ ಬರೆದ ಅದೇ ಕೈ ಗೆಳತಿಯ ಜೊತೆಗಿನ ಜಗಳವನ್ನೂ ಅಷ್ಟೇ ಗಂಭೀರವಾಗಿ ಬರೆಯುತ್ತದೆ. ಇತಿಹಾಸದ ಪುಸ್ತಕ ಬರೆಯುವವರು ಈ ಎರಡನ್ನೂ ಒಂದೇ ಪುಟದಲ್ಲಿ ಇಡುವುದಿಲ್ಲ. ಬದುಕುತ್ತಿದ್ದವರಿಗೆ ಅವು ಇದ್ದದ್ದು ಒಂದೇ ಪುಟದಲ್ಲಿ.

ಮೂರನೇ ಪೂರಿಮ್. 1996ರ ಜನವರಿ 5ರಂದು ಇಸ್ರೇಲಿನ ಗೂಢಚಾರರು ಹಮಾಸ್‌ನ ಬಾಂಬ್ ತಯಾರಕ ಯಾಹ್ಯಾ ಅಯ್ಯಾಶ್‌ನನ್ನು ಗಾಜಾದಲ್ಲಿ ಮೊಬೈಲ್ ಫೋನಿನೊಳಗೆ ಸ್ಫೋಟಕ ಇಟ್ಟು ಕೊಂದರು. ಸೇಡು ಫೆಬ್ರವರಿ 25ಕ್ಕೆ ಶುರುವಾಯಿತು, ಹೆಬ್ರಾನಿನ ಹತ್ಯಾಕಾಂಡಕ್ಕೆ ಸರಿಯಾಗಿ ಎರಡು ವರ್ಷವಾದ ದಿನ. ಅಂದು ಜೆರೂಸಲೇಮಿನ 18ನೇ ನಂಬರಿನ ಬಸ್ಸು, ಸ್ವಲ್ಪ ಹೊತ್ತಿಗೆ ಅಷ್ಕೆಲೋನ್. ಮಾರ್ಚ್ 3ಕ್ಕೆ ಮತ್ತೆ ಜೆರೂಸಲೇಮ್, ಮತ್ತೆ ಅದೇ 18ನೇ ನಂಬರು. ಮಾರ್ಚ್ 4, ಸೋಮವಾರ, ಪೂರಿಮ್‌ನ ಹಿಂದಿನ ದಿನ. ಟೆಲ್ ಅವೀವಿನ ಡಿಜೆಂಗಾಫ್ ಸೆಂಟರ್ ಸುತ್ತ ಹಬ್ಬದ ಜನ, ವೇಷ ಹಾಕಿದ ಮಕ್ಕಳು. ಬಾಂಬ್ ಕಟ್ಟಿಕೊಂಡು ಬಂದವನು ಮಾಲ್‌ನ ಬಾಗಿಲಲ್ಲಿ ಪೊಲೀಸರನ್ನು ನೋಡಿ ತಿರುಗಿದ, ರಸ್ತೆ ದಾಟುತ್ತಿದ್ದವರ ನಡುವೆ ಸ್ಫೋಟಿಸಿಕೊಂಡ. 13 ಜನ ಸತ್ತರು. ಗೆಳತಿಯರ ಜೊತೆ ಬಂದಿದ್ದ ಬತ್-ಖೆನ್ ಅವರಲ್ಲಿ ಒಬ್ಬಳು.

ಅಂದು ಅವಳ ಹದಿನೈದನೇ ಹುಟ್ಟುಹಬ್ಬ.

ಆ ವರ್ಷ ಮೇ 29ಕ್ಕೆ ಚುನಾವಣೆ ನಡೆಯಿತು. ಇಸ್ರೇಲಿನವರು ಪ್ರಧಾನಿಯನ್ನು ನೇರವಾಗಿ ಆರಿಸಿದ್ದು ಅದೇ ಮೊದಲು. ರಬಿನ್ ಸತ್ತಾಗ ಬಹಳ ಮುಂದಿದ್ದ ಶಿಮೋನ್ ಪೆರೆಸ್ ಒಂಬತ್ತು ದಿನಗಳ ನಾಲ್ಕು ಸ್ಫೋಟಗಳ ನಂತರ ಜಾರುತ್ತಾ ಬಂದು ಸುಮಾರು 30 ಸಾವಿರ ಮತಗಳಿಂದ ಸೋತರು. ಗೆದ್ದವರು ನೆತನ್ಯಾಹು. ಚೌಕದಲ್ಲಿ ಮೇಣದಬತ್ತಿ ಹಚ್ಚಿ ಕೂತಿದ್ದವರಲ್ಲಿ ಹದಿನೆಂಟು ತುಂಬದವರಿಗೆ ಓಟೇ ಇರಲಿಲ್ಲ. ಅವರ ಸರದಿ ಬರುವ ಹೊತ್ತಿಗೆ ಕೇಳುವ ಪ್ರಶ್ನೆಗಳೇ ಬೇರೆಯಾಗಿದ್ದವು. 2000ದಲ್ಲಿ ಎರಡನೇ ಇಂತಿಫಾದಾ ಶುರುವಾದಾಗ ಬತ್-ಖೆನ್‌ಳ ವಾರಿಗೆಯ ಎಷ್ಟೋ ಜನ ಸಮವಸ್ತ್ರದಲ್ಲಿದ್ದರು.

ಅವಳ ಅಪ್ಪ ಅಮ್ಮ ಎರಡೂ ಕಡೆ ಮಕ್ಕಳನ್ನು, ಒಡಹುಟ್ಟಿದವರನ್ನು ಕಳೆದುಕೊಂಡವರ ಒಂದು ವೇದಿಕೆಗೆ ಸೇರಿಕೊಂಡರು. ಇಸ್ರೇಲಿಗಳು, ಪ್ಯಾಲೆಸ್ಟೈನಿಯರು ಒಟ್ಟಿಗೆ ಕೂತು ಮಾತಾಡುವ ಜಾಗ ಅದು. ಅಲ್ಲಿ ಎರಡೂ ಕಡೆಯವರು ಬೈಸಿಕೊಂಡದ್ದು ತಮ್ಮ ತಮ್ಮ ಜನರಿಂದಲೇ. 2023ರ ಅಕ್ಟೋಬರ್ 7 ಮತ್ತು ಆಮೇಲೆ ಗಾಜಾದಲ್ಲಿ ನಡೆದದ್ದು ಆ ವೇದಿಕೆಗೆ ಇನ್ನಷ್ಟು ಮನೆಗಳನ್ನು ಸೇರಿಸಿತು.