ಕಲ್ಯಾಣದಿಂದ ದುವ್ವಾಡದವರೆಗೆ: ದಾಯಧರ್ಮವೂ ವೃದ್ಧರಕ್ಷಣೆಯೂ

ವಿಶಾಖಪಟ್ಟಣದ ಅಂಚಿನಲ್ಲಿ, ಉಕ್ಕಿನ ಕಾರ್ಖಾನೆಯ ನೆರೆಯಲ್ಲಿರುವ ದುವ್ವಾಡದಲ್ಲಿ ಮನೆಯನ್ನು ಮಕ್ಕಳಿಗೆ ಬರೆದುಕೊಡಲು ಹೊರಟ ತಂದೆಯೊಬ್ಬನನ್ನು ಆಳುವ ದಾಯಧರ್ಮದ ಮೂಲವನ್ನು ಅರಸುತ್ತ ಹೋದರೆ, ನಾವು ಬಂದು ನಿಲ್ಲುವುದು ಕನ್ನಡನಾಡಿನ ಬಸವಕಲ್ಯಾಣದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಅಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರಾ ವ್ಯಾಖ್ಯಾನವು ವಂಗ, ಅಸ್ಸಾಮುಗಳನ್ನುಳಿದು ಭಾರತದ ಬಹುಭಾಗಕ್ಕೆ ಪ್ರಮಾಣವಾಗಿ, 1810ರ ಕೋಲ್‌ಬ್ರೂಕನ ಭಾಷಾಂತರದ ಮೂಲಕ ಆಂಗ್ಲ ನ್ಯಾಯಾಧೀಶರ ಕೈಗೂ ಬಂದಿತು.

ಜನ್ಮಸ್ವತ್ವವೇ ಮಿತಾಕ್ಷರೆಯ ಜೀವಾಳ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನೊಡನೆಯೇ ಹಕ್ಕುಂಟಾಗುವುದರಿಂದ ತಂದೆಯು ಅದನ್ನು ಸ್ವೇಚ್ಛೆಯಾಗಿ ಪರಾಧೀನಗೊಳಿಸುವಂತಿರಲಿಲ್ಲ. ಆ ಕಾಲದ ಕುಟುಂಬರಕ್ಷಣೆಯೆಂಬುದು ಯಜಮಾನನ ಕೈಯನ್ನು ಕಟ್ಟುವುದರಲ್ಲಿಯೇ ಇದ್ದಿತು, ಮುಪ್ಪಿನಲ್ಲಿ ಅವನ ಪೋಷಣೆಗೆ ಅವಿಭಕ್ತ ಮನೆಯೇ ಹೊಣೆಯಾಗಿದ್ದಿತು. ಹೆಣ್ಣುಮಕ್ಕಳಿಗೆ ಮಾತ್ರ ಆ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಪಾಲಿರಲಿಲ್ಲ. ಹಳೆಯ ವ್ಯವಸ್ಥೆಯನ್ನು ಹೊಗಳುವವರು ಇದನ್ನು ಮರೆಯಬಾರದು.

ಕಟ್ಟಿದ ಕೈ ಬಿಚ್ಚತೊಡಗಿದುದು ಉಯಿಲಿನಿಂದ. ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ನಡುವಣ ಪಿಠಾಪುರದ ಜಮೀನುದಾರಿಯ ವ್ಯಾಜ್ಯದಲ್ಲಿ, ಅವಿಭಾಜ್ಯ ಸಂಸ್ಥಾನವನ್ನು ಅದರ ಒಡೆಯನು ಮರಣಶಾಸನದ ಮೂಲಕ ವಿನಿಯೋಗಿಸಬಲ್ಲನೆಂದು 1899ರಲ್ಲಿ ಪ್ರಿವಿ ಕೌನ್ಸಿಲು ತೀರ್ಪಿತ್ತಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಅವಿಭಕ್ತ ಆಸ್ತಿಯಲ್ಲಿನ ತನ್ನ ಅಂಶವನ್ನೂ ಉಯಿಲಿಗೆ ಒಳಪಡಿಸಲು ಅನುಮತಿಸಿತು. ಸ್ತ್ರೀಯರ ಹಕ್ಕಿನ ವಿಷಯದಲ್ಲಿ ಮೈಸೂರು ಸಂಸ್ಥಾನದ 1933ರ ಕಾಯಿದೆಯು ಬ್ರಿಟಿಷ್ ಭಾರತದ 1937ರ ಕಾಯಿದೆಗಿಂತ ಮೊದಲೇ ಹೆಜ್ಜೆಯಿಟ್ಟುದು ನಮಗೆ ಹೆಮ್ಮೆಯ ಸಂಗತಿ. ಆದರೆ ಮಗಳಿಗೆ ಜನ್ಮಸ್ವತ್ವವನ್ನು ಕೊಡುವುದರಲ್ಲಿ ಆಂಧ್ರವು 1986ರಲ್ಲಿ ಮುಂದಾಗಿ, ಕರ್ನಾಟಕವು 1994ರಲ್ಲಿ, ಸಮಸ್ತ ದೇಶವು 2005ರಲ್ಲಿ ಹಿಂಬಾಲಿಸಿದುವು.

ಬಿಡುಗಡೆಯಾದ ಕೈ ಮುಪ್ಪಿನಲ್ಲಿ ನಡುಗುವ ಕೈಯೂ ಹೌದು. ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್–ತಿಮ್ಮಜಮ್ಮ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1958ರಲ್ಲಿ, ಅಂಥ ಕೈಯನ್ನು ಬೇರೆಯವರು ಹಿಡಿದು ಬರೆಯಿಸುವ ಅಪಾಯವನ್ನೇ ವಿಚಾರಿಸಿತು. ಉಯಿಲೆಂಬುದು ಬರೆದವರು ಬಂದು ಸಾಕ್ಷಿ ನುಡಿಯಲಾರದ ಪತ್ರ. ಆದಕಾರಣ, ಉಯಿಲನ್ನು ಬರೆಯಿಸುವುದರಲ್ಲಿ ಮುಂದಾಳಾಗಿ ನಿಂತವನೇ ಅದರಿಂದ ಬಹಳ ಲಾಭ ಪಡೆಯುವವನಾದರೆ, ಆ ಶಂಕೆಯನ್ನು ನಿವಾರಿಸುವ ಹೊಣೆ ಅವನದೇ ಎಂಬ ಅಂದಿನ ನಿರ್ಣಯವು ಇಂದಿಗೂ ಉಯಿಲಿನ ವ್ಯಾಜ್ಯಗಳಿಗೆ ಒರೆಗಲ್ಲಾಗಿದೆ.

ದಾನಪತ್ರದ ಕಥೆ ಇದಕ್ಕಿಂತ ಕಠಿನವಾದುದು. ಉಯಿಲನ್ನು ಬರೆದವನು ಬದುಕಿರುವವರೆಗೆ ಬದಲಿಸಬಹುದು. ಇಬ್ಬರು ಸಾಕ್ಷಿಗಳಿದ್ದರೆ ಸಾಕು, ನೋಂದಣಿ ಕಡ್ಡಾಯವಲ್ಲ. ನೋಂದಾಯಿತವಾಗಿ ಸ್ವೀಕೃತವಾದ ದಾನವನ್ನಾದರೋ ಮನಸ್ಸು ಬದಲಾಯಿತೆಂದು ಹಿಂದೆಗೆಯಲಾಗದು. ಮನೆಯನ್ನು ಮಗನ ಹೆಸರಿಗೆ ಮಾಡಿ ಅದೇ ಮನೆಯ ಹೊಸ್ತಿಲಾಚೆ ನಿಂತ ತಂದೆತಾಯಿಗಳಿಗೆ 1973ರ ದಂಡಪ್ರಕ್ರಿಯಾ ಸಂಹಿತೆಯು ಜೀವನಾಂಶವನ್ನು ಒದಗಿಸಿತೇ ಹೊರತು ಮನೆಯನ್ನು ಮರಳಿಸಲಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಅಧಿನಿಯಮವು ನ್ಯಾಯಮಂಡಲಿಗಳನ್ನು ಏರ್ಪಡಿಸಿ, ತಿಂಗಳಿಗೆ 10,000 ರೂಪಾಯಿಯ ಮಿತಿಯೊಳಗೆ ಜೀವನಾಂಶವನ್ನು ವಿಧಿಸಿತಲ್ಲದೆ, ಆರೈಕೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಆ ಷರತ್ತು ಮುರಿದಾಗ ಹಿಂಪಡೆಯುವ ಮಾರ್ಗವನ್ನು 23ನೆಯ ಕಲಮಿನಲ್ಲಿ ತೆರೆಯಿತು. ಷರತ್ತು ಇದ್ದುದನ್ನು ಸಾಧಿಸಿ ತೋರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. ಈ ಶಾಸನವನ್ನು ವೃದ್ಧರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಸಾರಿತು. ಬೆಂಗಳೂರಿನ ಎಸ್. ವನಿತಾ ಪ್ರಕರಣದಲ್ಲಿ (2020) ಮಾತ್ರ, ಸೊಸೆಯ ವಾಸದ ಹಕ್ಕನ್ನು ಅಳಿಸಲು ಈ ಶಾಸನವನ್ನು ಉಪಕರಣವಾಗಿಸಬಾರದೆಂದು ಎಚ್ಚರಿಸಿತು; ಆ ಎಚ್ಚರಿಕೆ ನ್ಯಾಯಸಮ್ಮತವಾದುದೆಂದೇ ನನ್ನ ಭಾವನೆ. ಇವೆಲ್ಲವನ್ನೂ ನೋಡಿದ ಮೇಲೆ, ಬದುಕಿರುವಾಗ ಇರುವ ಒಂದೇ ಮನೆಯನ್ನು ದಾನ ಮಾಡುವುದಕ್ಕಿಂತ ಉಯಿಲೇ ಲೇಸೆಂದೂ, ದಾನವೇ ಅನಿವಾರ್ಯವಾದರೆ ಆರೈಕೆಯ ಷರತ್ತನ್ನೂ ಆಜೀವ ವಾಸದ ಹಕ್ಕನ್ನೂ ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿಸಬೇಕೆಂದೂ ನಾನು ಒತ್ತಿ ಹೇಳುತ್ತೇನೆ.

ಇನ್ನೂ ಒಂದೆಡೆ ಶಾಸನವು ಮೌನವಾಗಿದೆ. ಮರೆವಿನ ಕಾಯಿಲೆಯಿಂದ ಬುದ್ಧಿ ಮಂಕಾದವರ ವ್ಯವಹಾರವನ್ನು ನಡೆಸಲು ಮಕ್ಕಳು ತೋರಿಸುವ ಮುಖ್ತಿಯಾರು ಪತ್ರವು, 1872ರ ಕರಾರು ಕಾಯಿದೆಯಂತೆ, ಅದನ್ನು ಕೊಟ್ಟವರ ಬುದ್ಧಿಸ್ವಾಸ್ಥ್ಯ ಕೆಟ್ಟೊಡನೆಯೇ, ಅದು ಅತ್ಯಂತ ಅಗತ್ಯವಾಗಿರುವ ಗಳಿಗೆಯಲ್ಲಿಯೇ, ಕೊನೆಗೊಳ್ಳುತ್ತದೆ. ಅಂಥ ಕುಟುಂಬಗಳು ಪಾಲಕರ ನೇಮಕಕ್ಕಾಗಿ ಇಂದಿಗೂ ಉಚ್ಚ ನ್ಯಾಯಾಲಯಗಳಿಗೆ ರಿಟ್ ಅರ್ಜಿ ಸಲ್ಲಿಸಬೇಕಾಗಿದೆ.